ಕ್ರಾಸಿಗೆ ಇಳಿದ ಗ್ರಹ

ಹೋದ ತಿಂಗಳು ಒಂದು ಬೆಳಿಗ್ಗೆ ಇಬ್ಬರು ಹುಡುಗರು ನಮ್ಮ ಮನ್ನಾಏಖೇಳ್ಳಿ ಕ್ರಾಸಿನ ಆಚೆ, ತೊಗರಿ ಹೊಲದ ಬದುವಿನ ಮೇಲೆ, ಮೂರು ಕಾಲಿನ ದುರ್ಬೀನು ನಿಲ್ಲಿಸಿದರು. ಒಬ್ಬ ಒಂದು ಕಣ್ಣು ಮುಚ್ಚಿ ನೋಡಿದ. ಇನ್ನೊಬ್ಬ ದೂರದಲ್ಲಿ ಬಣ್ಣದ ಕೋಲು ಹಿಡಿದು ನಿಂತ. ಹೋಗುವಾಗ ಮೋರಿಯ ಕಟ್ಟೆಗೆ ಕೆಂಪು ಬಣ್ಣದಲ್ಲಿ ಒಂದು ಬಾಣ ಎಳೆದು, ಪಕ್ಕದಲ್ಲಿ ‘ಟಿ 7’ ಎಂದು ಬರೆದು ಹೋದರು. ಆದದ್ದು ಇಷ್ಟೇ. ಉಳಿದದ್ದನ್ನೆಲ್ಲ ನಾವು ಮಾಡಿದೆವು.

ಮಧ್ಯಾಹ್ನದ ಚಹಾಕ್ಕೆ ಹೆದ್ದಾರಿ ಇನ್ನೂ ಅಗಲವಾಯಿತು. ಸಂಜೆಯ ಮಿರ್ಚಿ ಭಜಿಗೆ ಸೋಲಾರ್ ಪ್ಲಾಂಟ್ ಬಂತು. ರಾತ್ರಿ ಹೋಟೆಲಿನ ಬಾಗಿಲು ಹಾಕುವ ಹೊತ್ತಿಗೆ ವಿಮಾನ ನಿಲ್ದಾಣವೇ ಇಳಿಯಿತು. ವಿಮಾನ ನಿಲ್ದಾಣ ಬೀದರಿನಲ್ಲೇ ಇದೆಯಲ್ಲ ಎಂದ ಒಬ್ಬನೇ ಒಬ್ಬ ವಿವೇಕಿಯನ್ನು ಎಲ್ಲರೂ ಸೇರಿ ಸುಮ್ಮನಿರಿಸಿದರು.

ಶನಿವಾರ ನನ್ನ ತಂಗಿಯ ಮಗ ಹೈದರಾಬಾದಿನಿಂದ ಬಂದ. ಕಂಪ್ಯೂಟರ್ ಕೆಲಸದವನು. ಬಸ್ಸಿಳಿದವನೇ ಬಾಣದ ಫೋಟೊ ಹೊಡೆದುಕೊಂಡು, ಬೆರಳಿನಿಂದ ಹಿಗ್ಗಿಸಿ ನೋಡಿ, ಡಾಕ್ಟರು ಎಕ್ಸ್‌ರೇ ನೋಡುವ ಗಾಂಭೀರ್ಯದಲ್ಲಿ ಹೇಳಿದ: “ಮಾಮಾ, ಇದು ಥೀಮ್ ಪಾರ್ಕ್ ಅದ.”

“ಹೆಂಗೋ?”

“ಟಿ ಅಂದ್ರ ಥೀಮ್. ನೋಡ್ರಿ, ರಾಮೋಜಿ ಫಿಲ್ಮ್ ಸಿಟಿ ಬಂದಿದ್ದು 1996ರಾಗ. ಹೈದರಾಬಾದ್ ವಂಡರ್‌ಲಾ ಬಂದಿದ್ದು 2016ರಾಗ. ಇಪ್ಪತ್ತು ವರ್ಷಕ್ಕೊಂದು. ಮುಂದಿಂದು 2036. ಜಮೀನು ಈಗಿಂದೇ ಅಳೀಬೇಕಲ್ಲ?”

ಮೂವತ್ನಾಲ್ಕು ವರ್ಷ ಗಣಿತ ಕಲಿಸಿದ ನನಗೆ ಈ ಲೆಕ್ಕದಲ್ಲಿ ತಪ್ಪು ಎಲ್ಲಿದೆ ಎಂದು ತಕ್ಷಣ ಹೊಳೆಯಲಿಲ್ಲ. ಎರಡು ಬಿಂದು ಸಿಕ್ಕರೆ ಗೆರೆ ಎಳೆಯಬಹುದು ಎಂದು ಅವನಿಗೆ ಕಲಿಸಿದವನೂ ನಾನೇ.

ಇವನು ಸ್ಟಾರ್ ವಾರ್ಸ್ ಭಕ್ತ. ಈ ಹುಚ್ಚಿಗೆ ಮೂಲ ಬೀದರ್ ವಾಯುನೆಲೆ ಎಂದು ನನ್ನ ಗುಮಾನಿ. ವಾಯುಪಡೆಯ ವಿಮಾನ ಕಸರತ್ತಿನ ಸೂರ್ಯಕಿರಣ ತಂಡದ ಮನೆ ಅಲ್ಲೇ. ಇವನು ಚಿಕ್ಕವನಿದ್ದಾಗ ಮಾಳಿಗೆಯ ಮೇಲೆ ಒಣಹಾಕಿದ ಸಂಡಿಗೆಗೆ ಕಾಗೆ ಕಾಯಲು ಕೂಡಿಸಿದರೆ, ಆಕಾಶದಲ್ಲಿ ವಿಮಾನದ ಸದ್ದು ಕೇಳಿದ್ದೇ ತಲೆ ಮೇಲೆತ್ತಿ ಬಾಯಿ ತೆರೆದು ನಿಲ್ಲುತ್ತಿದ್ದ. ಅಷ್ಟರಲ್ಲಿ ಕಾಗೆಗಳ ಊಟ ಮುಗಿದಿರುತ್ತಿತ್ತು. 2011ರಲ್ಲಿ ತಂಡದ ಕಿರಣ್ ವಿಮಾನಗಳು ನಿಂತುಹೋದಾಗ ಎರಡು ದಿನ ಮುಖ ಉಬ್ಬಿಸಿಕೊಂಡಿದ್ದ. 2015ರಲ್ಲಿ ತಂಡ ಹಾಕ್ ಜೆಟ್‌ಗಳಲ್ಲಿ ಮತ್ತೆ ಹಾರುವಷ್ಟರಲ್ಲಿ ಇವನ ಮನಸ್ಸು ಭೂಮಿಯ ವಿಮಾನಗಳನ್ನು ದಾಟಿ ಹೋಗಿತ್ತು.

ಭಾನುವಾರ ಹೋಟೆಲಿನ ಬೆಂಚಿನ ಮೇಲೆ ಅವನ ಪ್ರವಚನ ನಡೆಯಿತು. 2015ರ ಆಗಸ್ಟಿನಲ್ಲಿ ಡಿಸ್ನಿಯವರು ಕ್ಯಾಲಿಫೋರ್ನಿಯಾದಲ್ಲೊಂದು, ಫ್ಲಾರಿಡಾದಲ್ಲೊಂದು ಸ್ಟಾರ್ ವಾರ್ಸ್ ಲೋಕ ಕಟ್ಟುತ್ತೇವೆ, ಒಂದೊಂದೂ 14 ಎಕರೆ ಎಂದು ಸಾರಿದರು. ಬಾಗಿಲು ತೆರೆದದ್ದು 2019ರಲ್ಲಿ. ನಡುವಿನ ನಾಲ್ಕು ವರ್ಷ ಅಭಿಮಾನಿಗಳಿಗೆ ನಿದ್ದೆಯಿಲ್ಲ. ಕಟ್ಟಡದ ಪರವಾನಗಿ ಕಾಗದ ತೆಗೆಸಿ ಓದಿದರು. ಮೇಲಿಂದ ಹಾರಿ ಫೋಟೊ ತೆಗೆದು ಕ್ರೇನ್ ಎಣಿಸಿದರು. ಒಂದು ಕಬ್ಬಿಣದ ಕಂಬ ಎದ್ದರೆ ಅದು ಯಾವ ಗ್ರಹದ ಗೋಪುರ ಎಂದು ಜಗಳ. ಮರಳಿನ ಗ್ರಹ ಟಾಟೂಯಿನ್ ಎಂದು ಒಂದು ಪಂಗಡ, ಹಿಮದ ಗ್ರಹ ಹಾತ್ ಎಂದು ಇನ್ನೊಂದು.

ನನ್ನ ತಲೆ ಮಾತ್ರ 14 ಎಕರೆಯಲ್ಲೇ ನಿಂತಿತ್ತು. ನಮ್ಮ ಮನೆತನದ ಹೊಲವೂ ಸರಿಸುಮಾರು ಅಷ್ಟೇ. ಅದರಲ್ಲಿ ನಾಲ್ಕು ಪಾಲು, ಒಂದು ಬಾವಿ, ಎರಡು ಬೇವಿನ ಮರ, ಒಂದು ಕೋರ್ಟ್ ಕೇಸು. ಅಷ್ಟೇ ಜಾಗದಲ್ಲಿ ಅವರು ಗ್ರಹ ಕೂಡಿಸಿದ್ದಾರೆ, ನೂರು ಅಡಿಗಿಂತ ಉದ್ದದ ಮಿಲೇನಿಯಂ ಫಾಲ್ಕನ್ ಎಂಬ ಹಡಗು ನಿಲ್ಲಿಸಿದ್ದಾರೆ. ನಮ್ಮಲ್ಲಿ ಟ್ರ್ಯಾಕ್ಟರ್ ತಿರುಗಿಸಬೇಕಾದರೆ ದೊಡ್ಡಪ್ಪನ ಮಗನ ಅಪ್ಪಣೆ ಬೇಕು.

“ಕಡೀಕ ಯಾವ ಗ್ರಹ ಬಂತು?” ಹೋಟೆಲಿನ ಕಾಕಾ ಕೇಳಿದ. ಚಹಾ ಸೋಸುವ ಕೈ ನಿಂತಿತ್ತು.

“ಬಾಟೂ.”

“ಯಾವ ಸಿನಿಮಾದಾಗಿಂದು?”

“ಯಾವ ಸಿನಿಮಾದಾಗೂ ಇಲ್ಲ ಕಾಕಾ. ಹೊಸಾದು.”

ಬೆಂಚು ನಕ್ಕಿತು. ನಾಲ್ಕು ವರ್ಷ ಕ್ರೇನ್ ಎಣಿಸಿದವರಿಗೆ ಸಿಕ್ಕಿದ್ದು ಯಾವ ಪಂಗಡವೂ ಹೇಳದ ಊರು! ಅಳಿಯ ಸೋಲಲಿಲ್ಲ. ಬಾಟೂ ಎಂದರೆ ಬ್ರಹ್ಮಾಂಡದ ಅಂಚಿನ ಹಳೇ ವ್ಯಾಪಾರದ ಕೂಡುರಸ್ತೆ ಎಂದು ವಿವರಿಸಿದ. ಒಂದಾನೊಂದು ಕಾಲದಲ್ಲಿ ಎಲ್ಲ ಹಡಗುಗಳೂ ಅಲ್ಲಿ ನಿಂತು ಎಣ್ಣೆ ತುಂಬಿಸಿ, ಉಂಡು ಹೋಗುತ್ತಿದ್ದವು. ಆಮೇಲೆ ಬೆಳಕಿಗಿಂತ ಬೇಗ ಓಡುವ ಹೊಸ ದಾರಿಗಳಾದವು. ಹಡಗುಗಳು ನಿಲ್ಲುವುದನ್ನು ಬಿಟ್ಟವು. ಈಗ ಅಲ್ಲಿರುವವರು ಚಿಲ್ಲರೆ ವ್ಯಾಪಾರದವರು, ಕಳ್ಳಸಾಗಣೆಯವರು, ಯಾರ ಕಣ್ಣಿಗೂ ಬೀಳಬಾರದು ಅನ್ನುವವರು.

ಕಾಕಾ ಒಲೆ ಸಣ್ಣ ಮಾಡಿ ಹೊರಗೆ ನೋಡಿದ. ಹೈದರಾಬಾದಿನಿಂದ ಸೋಲಾಪುರದ ಕಡೆ ಒಂದು ವೋಲ್ವೊ ಹಾರ್ನ್ ಕೂಡ ಮಾಡದೆ ಹೋಯಿತು. ಹೆದ್ದಾರಿಗೆ 9 ಎಂಬ ಹೆಸರಿದ್ದಾಗ ಲಾರಿಗಳೆಲ್ಲ ಇಲ್ಲಿ ನಿಲ್ಲುತ್ತಿದ್ದವು. ಒಂದು ಕಡೆ ಬೀದರ್, ಇನ್ನೊಂದು ಕಡೆ ಚಿಂಚೋಳಿ, ನಡುವೆ ಮಂಚ ಹಾಕಿಕೊಂಡು ಡ್ರೈವರ್‌ಗಳು ಮಲಗುತ್ತಿದ್ದರು. ಹೆದ್ದಾರಿ 65 ಆಗಿ ಅಗಲವಾದ ಮೇಲೆ ನಿಲ್ಲುವವರು ಕಡಿಮೆಯಾದರು.

“ಅಂದ್ರ ನಮ್ಮ ಕ್ರಾಸು,” ಅಂದ ಕಾಕಾ. “ಇದನ್ನ ಕಟ್ಲಿಕ್ಕಿ ಅವರಿಗಿ ಎಷ್ಟ್ ಖರ್ಚಾಯ್ತು?”

“ಒಂದೊಂದಕ್ಕ ನೂರು ಕೋಟಿ ಡಾಲರ್ ಅಂತ ಪೇಪರ್‌ನ್ಯಾಗ ಬಂದಿತ್ತು.”

ಕಾಕಾನ ಮುಖದ ಮೇಲೆ ಆಸ್ತಿ ತೆರಿಗೆ ಹೆಚ್ಚಿದವನ ಕಳವಳವೂ ಹೆಮ್ಮೆಯೂ ಒಟ್ಟಿಗೇ ಬಂದವು.

ಮುಂದಿನದು ಇನ್ನೂ ಸೊಗಸು. ಹೊಸ ಗೋಡೆಗಳನ್ನು ಹಳೆಯದಾಗಿ ಕಾಣಿಸಲು ಅಲ್ಲಿ ಕಲಾವಿದರನ್ನಿಟ್ಟು ಕೆರೆಸಿದರಂತೆ, ಮಸಿ ಬಳಿಸಿದರಂತೆ. ಹಸಿ ಕಾಂಕ್ರೀಟಿನಲ್ಲಿ ಪುಟ್ಟ ರೋಬೋ ಉರುಳಿಹೋದಂತೆ ಗಾಲಿಯ ಗುರುತು ಒತ್ತಿದರಂತೆ. ನಾನು ಅಳಿಯನ ಕೈ ಹಿಡಿದು ನಮ್ಮ ಓಣಿಗೆ ಕರೆದುಕೊಂಡು ಹೋದೆ. ಸಿಮೆಂಟ್ ರಸ್ತೆ ಹಾಕಿದ ರಾತ್ರಿ ಯಾರದೋ ಆಡು ಹಗ್ಗ ಕಿತ್ತುಕೊಂಡು ಬಂದಿತ್ತು. ನಮ್ಮ ಬಾಗಿಲಿನಿಂದ ಕಿರಾಣಿ ಅಂಗಡಿಯವರೆಗೆ ಜೋಡಿ ಗೊರಸು ಸ್ಪಷ್ಟವಾಗಿ ಮೂಡಿವೆ. ಅಂಗಡಿಯ ಮುಂದೆ ಒಂದು ಸುತ್ತು, ಬಹುಶಃ ಬಾಗಿಲು ಹಾಕಿತ್ತೆಂದು, ಆಮೇಲೆ ವಾಪಸು. ಮಳೆ ಬಂದರೆ ಒಂದೊಂದು ಗೊರಸಿನಲ್ಲೂ ಒಂದೊಂದು ಚಮಚ ನೀರು ನಿಲ್ಲುತ್ತದೆ. ಯಾವ ಕಲಾವಿದನಿಗೂ ಒಂದು ಪೈಸೆ ಕೊಟ್ಟಿಲ್ಲ.

ಬಾಟೂವಿನಲ್ಲಿ ನೀಲಿ ಹಾಲು ಮಾರುತ್ತಾರೆ. ಶುರುವಿನಲ್ಲಿ ಒಂದು ಲೋಟಕ್ಕೆ ಹತ್ತಿರ ಹತ್ತಿರ ಎಂಟು ಡಾಲರ್. ಅದರಲ್ಲಿ ಆಕಳು, ಎಮ್ಮೆ ಯಾವುದರ ಪಾತ್ರವೂ ಇಲ್ಲ, ಅಕ್ಕಿ ಹಾಲು, ತೆಂಗಿನ ಹಾಲು. ಇದನ್ನು ಕೇಳಿದ ಕಾಕಾ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, “ನಾ ಹಾಲಿಗಿ ಜರಾ ನೀರ್ ಹಾಕಿದ್ರ ಇಡೀ ಊರೇ ಬೈತದ ಮಾಸ್ತರ್ರೆ,” ಎಂದ.

ಅಲ್ಲಿನ ಲಾಡ್ಜಿನ ಕತೆ ಚಿಕ್ಕದು. ಫ್ಲಾರಿಡಾದಲ್ಲಿ ಅಂತರಿಕ್ಷ ಹಡಗಿನಂಥ ಒಂದು ಹೋಟೆಲು 2022ರ ಮಾರ್ಚಿನಲ್ಲಿ ತೆರೆಯಿತು. ಇಬ್ಬರಿಗೆ ಎರಡು ರಾತ್ರಿಗೆ ಸುಮಾರು 4,800 ಡಾಲರ್. ಕೋಣೆಯ ಕಿಟಕಿ ಎಂದರೆ ನಕ್ಷತ್ರ ತೋರಿಸುವ ಪರದೆ. 2023ರ ಸೆಪ್ಟೆಂಬರಿನಲ್ಲಿ ಮುಚ್ಚಿತು. ನಮ್ಮ ಮಾಳಿಗೆಯ ಮೇಲೆ ಮಲಗಿದರೆ ನಕ್ಷತ್ರ ಪುಕ್ಕಟೆ, ಸೊಳ್ಳೆ ಬೇರೆ.

ಇಷ್ಟಾದ ಮೇಲೆ ಬೆಂಚು ಅಮೆರಿಕಾ ಬಿಟ್ಟು ರಾಜಕೀಯಕ್ಕೆ ಬಂತು. 2018ರಲ್ಲಿ ಸರ್ಕಾರ ಕೆಆರ್‌ಎಸ್ ಹತ್ತಿರ ಡಿಸ್ನಿಲ್ಯಾಂಡ್ ಮಾದರಿ ಪಾರ್ಕು, 125 ಅಡಿಯ ಕಾವೇರಿ ಮಾತೆಯ ಪ್ರತಿಮೆ ಎಂದಿತ್ತು. ಆಮೇಲೆ ಬೃಂದಾವನವನ್ನೇ ದೊಡ್ಡದು ಮಾಡುವ ಮಾತು ಬಂತು. ಅಣೆಕಟ್ಟಿಗೆ ಅಪಾಯ, ಹೊಲಕ್ಕೆ ನೀರು ಮೊದಲು ಎಂದು ಮಂಡ್ಯದ ರೈತರು ಬೀದಿಗಿಳಿದರು. ಅವರ ಮಾತು ನನಗೆ ಸರಿ ಅನ್ನಿಸಿತ್ತು. ಬೆಂಚಿಗೆ ಅದೆಲ್ಲ ಬೇಡ. “ಅವರಿಗಿ ಬ್ಯಾಡ ಅಂದ್ರ ನಮಗ ಕೊಡ್ರಿ! 371 ಜೆ ಅಡಿಯಾಗ ಕಲ್ಯಾಣ ಕರ್ನಾಟಕಕ್ಕ ಒಂದು ರಾಕೆಟ್ ಮೀಸಲಿಡ್ರಿ!” ಸೋಯಾ ವ್ಯಾಪಾರಿಯೊಬ್ಬ ಮೇಜು ಕುಟ್ಟಿದ. ಕೂಡಲೇ ನೀಲನಕ್ಷೆ ಸಿದ್ಧವಾಯಿತು. ಬೀದರಿನ ಕರೇಜ್ ಸುರಂಗದ ಮಾದರಿಯಲ್ಲಿ ನೆಲದೊಳಗೆ ರೈಲು. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯ ಮೌತ್ ಕಾ ಕುವಾದವರಿಗೆ ಹೆಲ್ಮೆಟ್ ಹಾಕಿಸಿ, ಬೈಕಿನ ಬದಲು ಅಂತರಿಕ್ಷ ಹಡಗು. ಆ ಬಾವಿಯ ಹಲಗೆಗಳು ಗಡಗಡ ನಡುಗುವಾಗ ಮೇಲಿನ ಅಟ್ಟದ ಮೇಲೆ ನಿಂತವನಿಗೆ ಬೇರೆ ಗ್ರಹ ಬೇಕಾಗುವುದಿಲ್ಲ, ಅದು ಬೇರೆ ಮಾತು.

ನಾನೂ ನನ್ನ ಪಾಲಿನದು ಸೇರಿಸಿದೆ. ಡಿಸ್ನಿಲ್ಯಾಂಡ್ ತೆರೆದದ್ದು 1955ರ ಜುಲೈ 17ಕ್ಕೆ. ನಾವಿನ್ನೂ ಹೈದರಾಬಾದ್ ರಾಜ್ಯದಲ್ಲಿದ್ದ ಕಾಲ. ಅಲ್ಲಿ ‘ನಾಳೆಯ ಲೋಕ’ ಎಂದು ಒಂದು ಭಾಗ ಮಾಡಿ, ಅದನ್ನು 1986ರ ಜಗತ್ತು ಎಂದು ತೋರಿಸಿದ್ದರು. 1986ರಲ್ಲೇ ನಮ್ಮ ಓಣಿಗೆ ಮೊದಲ ಟಿವಿ ಬಂತು. ಕಿಟಕಿಯ ಸರಳು ಹಿಡಿದು ನಲವತ್ತು ಜನ ನೋಡಿದೆವು. ಭವಿಷ್ಯ ನಮ್ಮಲ್ಲಿಗೂ ಬರೋಬ್ಬರಿ ಟೈಮಿಗೇ ಬಂದಿತ್ತು, ಆ್ಯಂಟೆನಾ ತಿರುಗಿಸುವವನೊಬ್ಬ ಮಾಳಿಗೆಯ ಮೇಲಿರಬೇಕಿತ್ತು ಅಷ್ಟೇ.

ಮುಂದಿನ ವಾರ, ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದ ದೊಡ್ಡಪ್ಪನ ಮಗ ಮನೆಗೆ ಬಂದ. ಚಹಾ ಕುಡಿದ, ನನ್ನ ಬಿಪಿ ವಿಚಾರಿಸಿದ. ಎದ್ದು ಹೋಗುವಾಗ ಚಪ್ಪಲಿ ಮೆಟ್ಟುತ್ತ, “ತಮ್ಮಾ, ಆ ಫಾಲ್ಕನ್ ನಿಲ್ಲಸೋದು ನಿನ್ನ ಪಾಲಿನ್ಯಾಗೋ ನನ್ನ ಪಾಲಿನ್ಯಾಗೋ?” ಎಂದ.

ದುರ್ಬೀನಿನ ಹುಡುಗರು ನಿನ್ನೆ ಮತ್ತೆ ಬಂದರು. ಸುದ್ದಿ ಹಬ್ಬಿ, ಹೋಟೆಲಿನಲ್ಲಿ ನಿಲ್ಲಲು ಜಾಗವಿಲ್ಲ. ಕಾಕಾ ತಾನಾಗಿಯೇ ಎರಡು ಚಹಾ ಕೊಟ್ಟ. ಎಲ್ಲರೂ ನನ್ನನ್ನು ತಿವಿದರು. ನಾನು ಗಂಟಲು ಸರಿಮಾಡಿಕೊಂಡು, ಇಲ್ಲಿ ಬರುತ್ತಿರುವುದು ಏನು ಎಂದು ಕೇಳಿದೆ.

“ನಮಗ ಭೀ ಹೇಳಿಲ್ಲ ಸರ್. ಪಾಯಿಂಟ್ ತಗೊಂಡು ಬರ್ರಿ ಅಂದಾರ, ತಗೊಳ್ಲತ್ತೀವಿ.” ಹುಡುಗ ಬಸಿಯಲ್ಲಿ ಚಹಾ ಸುರುವಿಕೊಂಡು ನಮ್ಮೆಲ್ಲರ ಮುಖ ನೋಡಿದ. “ಏನ್ ಬರ್ಲತ್ತದ್ರಿ ಇಲ್ಲಿ?”

ಕಾಕಾ ಹೆಗಲ ಮೇಲಿನ ವಸ್ತ್ರದಿಂದ ಬೆಂಚು ಒರೆಸಿದ. “ಕೂಡ್ರಿ,” ಎಂದ, “ಭಜಿ ಹಾಕ್ತೀನಿ. ಮೊದಲು ನಿಮಗ ಬಾಟೂ ಹೇಳಬೇಕು.”