ತರಗತಿ ನಿಯಮಾವಳಿ: ಮಣ್ಣೂರ ಮಾದರಿ

ತರಗತಿಯ ನಿಯಮಗಳನ್ನು ಶಾಲೆ ಶುರುವಾದ ವಾರದಲ್ಲೇ ಗೊತ್ತುಮಾಡುವುದು ರೂಢಿ. ಅಫಜಲಪುರ ತಾಲ್ಲೂಕಿನ ಮಣ್ಣೂರಿನಂಥ ಊರುಗಳಲ್ಲಿ ಅದೇ ಹೊತ್ತಿಗೆ ಮುಂಗಾರೂ ಬರುವುದರಿಂದ, ನಿಯಮಗಳು ಶಾಲೆ, ಹೊಲ ಎರಡೂ ಕಡೆಯಿಂದ ಹೊರಡುತ್ತವೆ.

ಮೊದಲನೆಯದು ಹಾಜರಿ.

ಶಿಕ್ಷಕ: ಎಸ್ಸೆಸ್ಸೆಲ್ಸಿ ಪರೀಕ್ಷಾಕ್ಕ ಕೂಡ್ಬೇಕಂದ್ರ ಶೇ. 75 ಹಾಜರಿ ಬೇಕು.

ವಿದ್ಯಾರ್ಥಿ: ಉಳಿದ 25ರಾಗ ತೊಗರಿ ಬಿತ್ತೋದು, ಎಲ್ಲಮ್ಮನ ಜಾತ್ರಿ, ಸ್ವಾದರಮಾವನ ಮದಿವಿ ಎಲ್ಲಾ ಹಿಡೀಬೇಕಲ್ರಿ ಸರ, ಸಾಲಂಗಿಲ್ರಿ.

ಎರಡನೆಯದು ಸಮಯಪಾಲನೆ.

ಶಿಕ್ಷಕ: ಗಂಟಿ ಹೊಡದ ಮ್ಯಾಲ ಬಂದವ್ರು ಹೊರಗ ನಿಂದರಬೇಕು.

ವಿದ್ಯಾರ್ಥಿ: ನೀವು ಬರೋ ಬಸ್ ತಡಾ ಆದ್ರ ಗಂಟಿ ಯಾರು ಹೊಡೀಬೇಕ್ರಿ?

ಮೂರನೆಯದು ಶಿಕ್ಷೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬೆತ್ತಕ್ಕೀಗ ನಕಾಶೆ ತೋರಿಸುವ ಕೆಲಸ ಮಾತ್ರ.

ಪಾಲಕ: ನಾಲ್ಕು ಬಿಗೀರಿ ಸರ, ನಾವೇನೂ ಅನ್ನಂಗಿಲ್ಲ.

ಶಿಕ್ಷಕ: ಕಾಯ್ದಾ ಅಂತೈತ್ರಿ.

ಪಾಲಕ: ಕಾಯ್ದಾ ಸಾಲಿಗಲ್ರಿ? ಮನಿಗಿ ಕಳಸ್ರಿ, ನಾವಽ ಕೊಡ್ತೀವಿ.

ಕೊನೆಯದು ಸಹಿ. ನಿಯಮಗಳ ಪಟ್ಟಿಗೆ ಪಾಲಕರು ಸಹಿ ಹಾಕುತ್ತಾರೆ. ಅದನ್ನು ಓದಿ ಹೇಳುವವನು ಮಗನೇ ಆದ್ದರಿಂದ, ಮನೆ ಮುಟ್ಟುವ ಹೊತ್ತಿಗೆ ಪಟ್ಟಿಯಲ್ಲಿ ರಜೆಗಳಷ್ಟೇ ಉಳಿದಿರುತ್ತವೆ.