ಕಪ್ಪದ ಮಾತು ನಿಮ್ಮದಲ್ಲ: ರಾಣಿ ಚೆನ್ನಮ್ಮನವರಿಗೆ ಬಹಿರಂಗ ಪತ್ರ

ತಾಯಿ ಚೆನ್ನಮ್ಮನವರೇ,

ಅಕ್ಟೋಬರ್ 23 ಬಂತೆಂದರೆ ಕಿತ್ತೂರಿನಲ್ಲಿ ನಿಮ್ಮ ಉತ್ಸವ. ಶಾಲೆಯ ಗ್ಯಾದರಿಂಗ್‌ಗಳಲ್ಲಿ ನಿಮ್ಮ ವೇಷ ಹಾಕಿದ ಹುಡುಗಿಯರು ಈಸ್ಟ್ ಇಂಡಿಯಾ ಕಂಪನಿಗೆ ಕಪ್ಪ ಏಕೆ ಕೊಡಬೇಕೆಂದು ಗುಡುಗುತ್ತಾರೆ. ನಾನೂ ಚಪ್ಪಾಳೆ ತಟ್ಟಿದವನೇ. ಆದರೆ ಆ ಮಾತು ನಮ್ಮ ನಾಲಿಗೆಯ ಮೇಲೆ ನಿಂತದ್ದು 1961ರಲ್ಲಿ ಬಿ. ಆರ್. ಪಂತುಲು ತೆಗೆದ ಚಿತ್ರದಿಂದ, ಆಡಿದವರು ಬಿ. ಸರೋಜಾದೇವಿ. ಅದಕ್ಕೆ ಎರಡು ವರ್ಷ ಮೊದಲು ಅದೇ ಪಂತುಲು ತಮಿಳಿನಲ್ಲಿ ಕಟ್ಟಬೊಮ್ಮನ್ ಕಥೆ ತೆಗೆದಿದ್ದರು. ಅಲ್ಲಿ ಶಿವಾಜಿ ಗಣೇಶನ್ ಕಂದಾಯದ ಬಗ್ಗೆ ಹೀಗೇ ಗುಡುಗಿದ್ದರು.

ನಿಜದಲ್ಲಿ ಕಿತ್ತೂರು ಕಂಪನಿಗೆ ಕಪ್ಪ ಕೊಡುತ್ತಿತ್ತು. 1818ರಲ್ಲಿ ಪೇಶ್ವೆಯ ಕೈಯಿಂದ ಬೆಳಗಾವಿ ಕೋಟೆ ಕಸಿದುಕೊಳ್ಳಲು ಕಂಪನಿಯ ಥಾಮಸ್ ಮನ್ರೋಗೆ ನೆರವಾದದ್ದು ನಿಮ್ಮದೇ ಸಂಸ್ಥಾನ. ಪ್ರತಿಯಾಗಿ ಸನ್ನದು ಸಿಕ್ಕಿತು, ವರ್ಷಕ್ಕೆ 1,75,000 ರೂಪಾಯಿ ಕಪ್ಪ ಗೊತ್ತಾಯಿತು. ಇದನ್ನು ಹೇಳಿದರೆ ನಿಮ್ಮನ್ನು ಸಣ್ಣವರನ್ನಾಗಿ ಮಾಡಿದಂತೆ ಎಂದು ಸಿಟ್ಟಾಗುವವರಿದ್ದಾರೆ. ನನಗೆ ಹಾಗನ್ನಿಸಿಲ್ಲ. ಕೊಟ್ಟ ಮಾತಿನಂತೆ ನಡೆದುಕೊಂಡ ಸಂಸ್ಥಾನಕ್ಕೆ ಕಂಪನಿ ಆರೇ ವರ್ಷದಲ್ಲಿ, ದತ್ತು ಒಪ್ಪದೆ, ದ್ರೋಹ ಮಾಡಿತು. ನಿಮ್ಮ ಸಿಟ್ಟಿನ ಬೇರು ಅಲ್ಲಿದೆ.

ಪಠ್ಯದಲ್ಲೂ ಭಾಷಣದಲ್ಲೂ ನಿಮ್ಮ ಹೋರಾಟವನ್ನು ಡಾಲ್‌ಹೌಸಿಯ ‘ದತ್ತು ಮಕ್ಕಳಿಗೆ ಹಕ್ಕಿಲ್ಲ’ ನೀತಿಗೆ ಗಂಟು ಹಾಕುತ್ತಾರೆ. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ. ನೀವು ಬೈಲಹೊಂಗಲದ ಸೆರೆಯಲ್ಲಿ ಕಣ್ಣು ಮುಚ್ಚಿ ಆಗಲೇ 19 ವರ್ಷವಾಗಿತ್ತು. ಆ ನೀತಿಗೆ ಹೆಸರೂ ಇಲ್ಲದ ಕಾಲದಲ್ಲಿ ಅದರ ಏಟು ತಿಂದವರು ನೀವು. ಝಾನ್ಸಿಗಿಂತ ಮೂರು ದಶಕ ಮೊದಲು ಅದನ್ನು ಎದುರಿಸಿದವರು ಎಂಬುದು ಈ ತಪ್ಪು ತಾರೀಖಿನಲ್ಲಿ ಮುಚ್ಚಿಹೋಗುತ್ತದೆ.

ದತ್ತು ತೆಗೆದುಕೊಂಡದ್ದೂ ನೀವಲ್ಲ. ನಿಮ್ಮ ಪತಿ ಮಲ್ಲಸರ್ಜರು 1816ರಲ್ಲಿ ತೀರಿಕೊಂಡ ಮೇಲೆ ಗಾದಿಗೆ ಬಂದವರು ಹಿರಿಯ ರಾಣಿ ರುದ್ರಮ್ಮನವರ ಮಗ ಶಿವಲಿಂಗರುದ್ರಸರ್ಜ. ನಿಮ್ಮ ಹೊಟ್ಟೆಯ ಮಗ ಮೊದಲೇ ಹೋಗಿದ್ದ. 1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜರೂ ತೀರಿಕೊಂಡರು; ಸಾಯುವ ಮೊದಲು ಶಿವಲಿಂಗಪ್ಪನನ್ನು ದತ್ತು ಪಡೆದ ಪತ್ರ ಧಾರವಾಡದ ಕಲೆಕ್ಟರ್ ಥ್ಯಾಕರೆಗೆ ತಲುಪಿತು. ಆತ ಅದನ್ನು ನಂಬಲಿಲ್ಲ, ಖಜಾನೆಗೆ ಮೊಹರು ಹಾಕಿ ಕಾವಲಿಟ್ಟ. ಸವತಿಯ ಮಗನ ದತ್ತುಮಗನಿಗಾಗಿ, ಅಂದರೆ ತನ್ನ ರಕ್ತವಲ್ಲದ ಒಂದು ಕೂಸಿಗಾಗಿ, 46ರ ವಿಧವೆಯೊಬ್ಬಳು ಕೋಟೆ ಬಾಗಿಲು ಹಾಕಿಸಿದಳು. ಇದಕ್ಕಿಂತ ದೊಡ್ಡ ಕಥೆ ಯಾವ ಸಿನಿಮಾದವರಿಗೆ ಹೊಳೆದೀತು!

ಮುಂದಿನದು ಎಲ್ಲರಿಗೂ ಗೊತ್ತು. ಬಾಗಿಲು ತೋಪಿನಿಂದ ಒಡೆಯುತ್ತೇನೆಂದು ಬಂದ ಥ್ಯಾಕರೆ ಅಕ್ಟೋಬರ್ 23ರಂದು ಅದರ ಮುಂದೆಯೇ ಸತ್ತ. ಗುಂಡು ನಿಮ್ಮ ಬಂಟ ಅಮಟೂರು ಬಾಳಪ್ಪನದು ಎಂದು ಸೀಮೆ ಇಂದಿಗೂ ಹೇಳುತ್ತದೆ.

ನಾನು ಮತ್ತೆ ಮತ್ತೆ ಹೋಗಿ ನಿಲ್ಲುವುದು ಅದರ ನಂತರದ ದಿನಗಳ ಹತ್ತಿರ. ಎಲಿಯಟ್, ಸ್ಟೀವನ್‌ಸನ್ ಎಂಬ ಇಬ್ಬರು ಅಧಿಕಾರಿಗಳು ನಿಮ್ಮ ಸೆರೆಯಲ್ಲಿದ್ದರು. ಗೆದ್ದ ಮೇಲೂ ನೀವು ಕಮಿಷನರ್ ಚಾಪ್ಲಿನ್ ಜೊತೆ ಮಾತುಕತೆಗೆ ದಾರಿ ತೆರೆದಿಟ್ಟಿರಿ, ಕೊನೆಗೆ ಇಬ್ಬರನ್ನೂ ಜೀವಂತವಾಗಿ ಬಿಟ್ಟುಕೊಟ್ಟಿರಿ. ಕಂಪನಿಯ ಸೈನ್ಯ ಡಿಸೆಂಬರಿನಲ್ಲಿ ಕೋಟೆ ಹಿಡಿದೇ ಬಿಟ್ಟಿತು. ಹಿಂದೆ ನಿಮ್ಮ ನೆರವು ಪಡೆದ ಮನ್ರೋನ ಬಂಧುವೊಬ್ಬ, ಸೊಲ್ಲಾಪುರದ ಸಬ್ ಕಲೆಕ್ಟರ್, ಆ ಕಾಳಗದಲ್ಲಿ ಸತ್ತ. ನೀವು ಬದುಕಿಸಿ ಕಳಿಸಿದ ವಾಲ್ಟರ್ ಎಲಿಯಟ್ ಮುಂದೆ ಈ ಸೀಮೆಯ ಐನೂರಕ್ಕೂ ಹೆಚ್ಚು ಶಾಸನಗಳ ಪ್ರತಿ ಮಾಡಿಸಿದ. ಚಾಲುಕ್ಯರ ಚರಿತ್ರೆ ಬರೆದವರೆಲ್ಲ ಅವನಿಗೆ ಋಣಿಗಳು. ಆ ಋಣದ ಒಂದು ಪಾಲು ನಿಮಗೂ ಸಲ್ಲುತ್ತದೆ. ಯಾವ ವೇದಿಕೆಯಲ್ಲೂ ಈ ಮಾತು ನನ್ನ ಕಿವಿಗೆ ಬಿದ್ದಿಲ್ಲ.

ಸಿನಿಮಾದ ಮೇಲೆ ನನಗೆ ಕೋಪವಿಲ್ಲ. ನಿಮ್ಮ ಹೆಸರನ್ನು ಮನೆಮನೆಗೆ ಮುಟ್ಟಿಸಿದ್ದು ಅದೇ. ಲಾವಣಿಕಾರರೂ ತಮ್ಮ ಕೆಲಸ ಮಾಡಿದ್ದಾರೆ. ನನ್ನ ತಕರಾರು ಪಠ್ಯ ಬರೆಯುವವರ ಮೇಲೆ, ಉತ್ಸವ ನಡೆಸುವ ಸರ್ಕಾರದ ಮೇಲೆ. ಥ್ಯಾಕರೆ, ಚಾಪ್ಲಿನ್ ಹಾಗೂ ಮುಂಬೈ ಗವರ್ನರ್ ಎಲ್ಫಿನ್‌ಸ್ಟನ್ ಅವರ ಕಾಲದ ಕಿತ್ತೂರಿನ ಪತ್ರವ್ಯವಹಾರವನ್ನು ಸರಳ ಕನ್ನಡದಲ್ಲಿ ಅಚ್ಚು ಹಾಕಿಸಿ, ಬರುವ ಉತ್ಸವದಲ್ಲಿ ಕೋಟೆಗೆ ಬರುವ ಪ್ರತಿ ಮಗುವಿನ ಕೈಗೂ ಪುಕ್ಕಟೆ ಕೊಡಿ ಎಂದು ಅವರನ್ನು ಕೇಳುತ್ತಿದ್ದೇನೆ. ಪೆಂಡಾಲಿನ ಖರ್ಚಿನಲ್ಲಿ ಒಂದು ಪಾಲು ಸಾಕು.

ಇಂತಿ,
ನಿಮ್ಮ ಸೀಮೆಯ ಓದುಗ