ಲೈಸೆನ್ಸ್ ಅಣ್ಣ ಮ್ಯಾಚಿಗೆ ಹೊರಟದ್ದು

ಠಾಣೆಯಿಂದ ಕಲ್ಯಾಣದವರೆಗೆ, ಅತ್ತ ಐರೋಲಿಯಿಂದ ಪನವೇಲ್‌ವರೆಗೆ, ಯಾವ ಟೆನಿಸ್ ಬಾಲ್ ಟೂರ್ನಿಗೆ ಬೇಕಾದರೂ ಹೋಗಿ. ಪೆಂಡಾಲಿನಡಿ ಮುಂದಿನ ಸಾಲಿನ ಸೋಫಾದಲ್ಲಿ ಒಬ್ಬರು ಕೂತಿರುತ್ತಾರೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಲಗಡೆ ಸೊಂಟದ ಮೇಲೆ ಸಣ್ಣದೊಂದು ಉಬ್ಬು. ಆಡುವವರು ಬೇರೆ, ಟ್ರೋಫಿಗೆ ದುಡ್ಡು ಕೊಟ್ಟವರು ಬೇರೆ, ಮೈಕ್ ಹಿಡಿದು ಮರಾಠಿಯಲ್ಲಿ ಕಾಮೆಂಟರಿ ಕಿರುಚುವವನಂತೂ ಬೇರೆಯೇ. ಹಾಗಾದರೆ ಇವರು ಯಾರು ಎಂದು ಕೇಳಿದರೆ ಪಕ್ಕದವನು ದನಿ ತಗ್ಗಿಸಿ, “ಅವರ ಹತ್ರ ಸಾಮಾನು ಉಂಟು” ಎನ್ನುತ್ತಾನೆ. ಪರಿಚಯ ಅಲ್ಲಿಗೆ ಮುಗಿಯಿತು.

ಡೊಂಬಿವಲಿ ಪೂರ್ವದ ಒಂದು ಸೊಸೈಟಿಯಲ್ಲಿ ಇಂಥವರೊಬ್ಬರಿದ್ದಾರೆ. ಊರು ಕಾರ್ಕಳದ ಕಡೆ. ಠಾಣೆಯಲ್ಲಿ ಹೋಟೆಲ್ ಇತ್ತು. ಬೆನ್ನ ಹಿಂದೆ ಎಲ್ಲರಿಗೂ ಅವರು ‘ಲೈಸೆನ್ಸ್ ಅಣ್ಣ’, ಎದುರಿಗೆ ಬರೀ ‘ಅಣ್ಣ’. ಅವರ ಪಕ್ಕದ ಫ್ಲ್ಯಾಟಿನಲ್ಲಿ ಕನ್ನಡ ಪತ್ರಿಕೆಗಳಿಗೆ ಬರೆಯುವ ಚಟ ಹತ್ತಿಸಿಕೊಂಡ ಬಡಪಾಯಿಯೊಬ್ಬ ವಾಸವಾಗಿದ್ದಾನೆ. ಈ ಬರಹದಲ್ಲಿ ಅವನು ಆಗಾಗ ತಲೆ ಹಾಕುತ್ತಾನೆ. ಅವನು ಯಾರೆಂದು ಓದುಗರು ಕೆದಕದಿದ್ದರೆ ಉಪಕಾರ.

ಅಣ್ಣನ ರಿವಾಲ್ವರ್ ಕಾನ್ಪುರದ ಸರ್ಕಾರಿ ಕಾರ್ಖಾನೆಯ ಪಾಯಿಂಟ್ 32. ಕಾನೂನು ಅವರಿಗೆ ಬಾಯಿಪಾಠ. 1959ರ ಆರ್ಮ್ಸ್ ಆಕ್ಟ್, 2016ರ ನಿಯಮಗಳು, 2019ರ ತಿದ್ದುಪಡಿ. ಹಿಂದೆ ಒಬ್ಬನಿಗೆ ಮೂರು ಬಂದೂಕು ಇರಬಹುದಿತ್ತು, ಈಗ ಎರಡೇ. ಮೂರು ವರ್ಷದ ಲೈಸೆನ್ಸ್ ಐದು ವರ್ಷದ್ದಾಗಿದೆ. ಖುಷಿಗೆಂದು ಗುಂಡು ಹಾರಿಸಿ ಯಾರದ್ದಾದರೂ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಇಷ್ಟನ್ನೂ ಲಿಫ್ಟ್ ನೆಲಮಹಡಿಯಿಂದ ಐದನೆಯ ಮಹಡಿಗೆ ಹೋಗುವುದರೊಳಗೆ ಹೇಳಿ ಮುಗಿಸಬಲ್ಲರು. ಮೂರನೆಯ ಮಹಡಿಯವರು ಇಳಿಯಲಾಗದೆ ಐದಕ್ಕೆ ಹೋಗಿ ಮೆಟ್ಟಿಲು ಇಳಿದು ಬಂದದ್ದುಂಟು.

ಅವರಿಗೆ ಸೇರದ ನಿಯಮ ಒಂದೇ. ಕೈಬಂದೂಕನ್ನು ಸಾರ್ವಜನಿಕ ಜಾಗದಲ್ಲಿ ಒಯ್ಯುವಾಗ ಹೋಲ್‌ಸ್ಟರ್‌ನಲ್ಲಿಟ್ಟು ಪೂರ್ತಿ ಮುಚ್ಚಿಕೊಂಡಿರಬೇಕು. ಮುಚ್ಚಿಕೊಂಡರೆ ಇದೆಯೆಂದು ಯಾರಿಗೆ ಗೊತ್ತಾಗಬೇಕು? ಹಾಗಾಗಿ ಅಣ್ಣ ಕೈ ಮೇಲೆತ್ತುವ ಕೆಲಸಗಳನ್ನು ಹುಡುಕಿಕೊಂಡು ಹೋಗುತ್ತಾರೆ. ಗಣಪತಿ ಮಂಟಪದ ತೋರಣ ಸರಿಪಡಿಸುವುದು, ಟ್ಯೂಬ್‌ಲೈಟಿನ ಸ್ಟಾರ್ಟರ್ ತಿರುಗಿಸುವುದು, ಗೆದ್ದ ತಂಡದ ಉದ್ದನೆಯ ಕ್ಯಾಪ್ಟನ್‌ಗೆ ಹಾರ ಹಾಕುವುದು. ತೋಳು ಏರಿತೆಂದರೆ ಅಂಗಿಯೂ ಏರುತ್ತದೆ, ಕಂದು ಚರ್ಮದ ಚೀಲದಿಂದ ಹಿಡಿಯೊಂದು ಇಣುಕುತ್ತದೆ. ಒಂದೇ ಕ್ಷಣ. ಆಮೇಲೆ ಅಂಗಿ ಜಗ್ಗಿಕೊಂಡು, “ಛೆ, ಕಂಡಿತಾ?” ಎಂಬ ಮುಖ ಮಾಡುತ್ತಾರೆ.

ಇಂಥ ಅಣ್ಣನ ಜೀವನದ ದೊಡ್ಡ ವಾದ ಏನೆಂದರೆ, ಲೈಸೆನ್ಸ್ ಇದ್ದ ಪ್ರೇಕ್ಷಕನನ್ನು ಬಂದೂಕಿನ ಸಮೇತ ಸ್ಟೇಡಿಯಮ್ಮಿನ ಒಳಗೆ ಬಿಡಬೇಕು. “ಅಷ್ಟು ಸಾವಿರ ಜನ ಸೇರ್ತಾರೆ ಮಾರಾಯ. ನಮ್ಮಂಥವರು ನಾಲ್ಕು ಜನ ಒಳಗಿದ್ರೆ ಯಾವನಾದ್ರೂ ಬಾಲ ಬಿಚ್ತಾನಾ?” ಅಮೆರಿಕದಲ್ಲಿ ಬಿಡುತ್ತಾರಂತೆ ಎಂಬ ವಾಟ್ಸ್ಆ್ಯಪ್ ಸಾಕ್ಷಿಯೂ ಅವರ ಬಳಿ ಇದೆ. ನೆರೆಯ ಬಡಪಾಯಿ ಅದನ್ನು ಹುಡುಕಿ ನೋಡಿದ. ಅರೆಪಾಲು ನಿಜ. 2017ರ ಮಾರ್ಚ್‌ನಲ್ಲಿ ಅರ್ಕಾನ್ಸಾ ರಾಜ್ಯ ಮಾಡಿದ ಕಾನೂನಿನಲ್ಲಿ ಕಾಲೇಜು ಸ್ಟೇಡಿಯಮ್‌ಗಳಿಗೂ ಬಂದೂಕು ಒಯ್ಯುವ ದಾರಿ ತೆರೆದುಕೊಂಡಿತ್ತು. ಆದರೆ ಅಲ್ಲಿನ ಫುಟ್‌ಬಾಲ್ ಕೂಟದ ಆಡಳಿತದವರೇ ಗಾಬರಿಯಾಗಿ ಆಕ್ಷೇಪ ಎತ್ತಿದರು. ಕೆಲವೇ ದಿನಗಳಲ್ಲಿ ಸ್ಟೇಡಿಯಮ್‌ಗಳನ್ನು ಕೈಬಿಡಲು ಇನ್ನೊಂದು ಕಾನೂನು ಬಂತು. ಬಂದೂಕೆಂದರೆ ಪ್ರಾಣ ಬಿಡುವ ನಾಡಿನಲ್ಲೇ ಹೀಗೆ ಎಂದರೆ ಅಣ್ಣ, “ಅವರು ಹೆದರುಪುಕ್ಕರು” ಎಂದು ಕೇಸು ಮುಗಿಸಿದರು.

ಲೈಸೆನ್ಸ್ ಅಣ್ಣಂದಿರ ವಿಶ್ವಗುರು ಇರುವುದು ಗ್ರೀಸಿನಲ್ಲಿ. ಪಾಓಕ್ ಫುಟ್‌ಬಾಲ್ ತಂಡದ ಯಜಮಾನ ಇವಾನ್ ಸವ್ವಿಡಿಸ್. 2018ರ ಮಾರ್ಚ್ 11ರಂದು ಥೆಸಲೊನೀಕಿಯಲ್ಲಿ ಎಇಕೆ ಅಥೆನ್ಸ್ ವಿರುದ್ಧ ಕೊನೆಯ ಗಳಿಗೆಯಲ್ಲಿ ತಮ್ಮವರು ಹೊಡೆದ ಗೋಲನ್ನು ರೆಫರಿ ಒಪ್ಪಲಿಲ್ಲ ಎಂದು ಈ ಮನುಷ್ಯ ಮೈದಾನಕ್ಕೇ ಇಳಿದ. ಕೋಟಿನ ಸಂದಿಯಲ್ಲಿ, ಸೊಂಟದ ಚೀಲದಲ್ಲಿ, ಪಿಸ್ತೂಲು ಕಾಣುತ್ತಿತ್ತು. ತೆಗೆದು ಹಿಡಿಯಲಿಲ್ಲ, ಗುಂಡು ಹಾರಲಿಲ್ಲ. ಲೈಸೆನ್ಸೂ ಇತ್ತು. ಆದರೂ ಸರ್ಕಾರ ಇಡೀ ದೇಶದ ಲೀಗನ್ನೇ ನಿಲ್ಲಿಸಿತು. ಮೂರು ವರ್ಷ ಆತ ಸ್ಟೇಡಿಯಂ ಮೆಟ್ಟಿಲು ಹತ್ತದಂತಾಯಿತು. ಆ ವಿಡಿಯೊ ತೋರಿಸಿದಾಗ ಅಣ್ಣ ಎರಡು ಸಲ ನೋಡಿ, ಬಹಳ ಹೊತ್ತಿನ ಮೇಲೆ, “ಚೀಲ ಒಳ್ಳೆದುಂಟು” ಎಂದರು.

ಗ್ರೀಸಿಗೆ ಹೋಗಬೇಕಾಗಿಯೂ ಇಲ್ಲ. ಡೊಂಬಿವಲಿಯಿಂದ ಕರ್ಜತ್ ಲೋಕಲ್ ಹಿಡಿದರೆ ಅಂಬರನಾಥ ಸಿಗುತ್ತದೆ. 2022ರ ನವೆಂಬರ್‌ನಲ್ಲಿ ಅಲ್ಲಿ ಎತ್ತಿನ ಗಾಡಿ ಓಟದ ಜಿದ್ದಿಗೆ ಎರಡು ಗುಂಪುಗಳು ಎದುರಾಗಿ ಹಾಡಹಗಲೇ ಗುಂಡು ಹಾರಿತು. ಪನವೇಲ್ ಕಡೆಯ, ಮೈತುಂಬ ಚಿನ್ನ ಹೇರಿಕೊಂಡು ಓಡಾಡುತ್ತಿದ್ದ ಎತ್ತಿನ ಯಜಮಾನರೊಬ್ಬರು ಸೆರೆಯಾದರು. 2014ರಲ್ಲಿ ಸುಪ್ರೀಂ ಕೋರ್ಟ್ ನಿಲ್ಲಿಸಿದ್ದ ಈ ಓಟಕ್ಕೆ 2021ರ ಡಿಸೆಂಬರ್‌ನಲ್ಲಿ ಅದೇ ಕೋರ್ಟು ಷರತ್ತಿನ ಮೇಲೆ ಅನುಮತಿ ಕೊಟ್ಟು ಇನ್ನೂ ವರ್ಷ ತುಂಬಿರಲಿಲ್ಲ. ಎತ್ತಿಗೆ ಹಿಂಸೆಯಾಗಬಾರದೆಂದು ನಿಯಮದ ಮೇಲೆ ನಿಯಮ. ಎತ್ತಿನವರ ಸೊಂಟ ತಡಕಲು ಮಾತ್ರ ಯಾರಿಗೂ ನೆನಪಾಗಲಿಲ್ಲ. ಗಾಡಿಗೆ ಕಟ್ಟಿದ ಬಡ ಪ್ರಾಣಿಗಳು ಸೋತರೂ ಗೆದ್ದರೂ ಹುಲ್ಲು ಮೇಯುತ್ತವೆ. ಜಿದ್ದು ಕಟ್ಟಿಕೊಳ್ಳುವುದು ಹಗ್ಗ ಹಿಡಿದವರು.

“ಅದು ಬೇರೆ, ಅವರು ದ್ವೇಷಕ್ಕೆ ಬಿದ್ದವರು, ನಾನು ಫ್ಯಾನು” ಎಂಬುದು ಅಣ್ಣನ ಉತ್ತರ. ಕೊಡಗನ್ನೂ ಎಳೆದು ತಂದರು. “ಕೊಡವರಿಗೆ ಲೈಸೆನ್ಸೇ ಬೇಡ ಗೊತ್ತುಂಟಾ?” ಹೌದು, ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದ ಆ ವಿನಾಯಿತಿ ಈಗಲೂ ಇದೆ, ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿದ್ದನ್ನು 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಆದರೆ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆಯಾಗಿ, ಮರದ ಮೇಲಿನ ತೆಂಗಿನಕಾಯಿಗೆ ಗುರಿ ಇಡುವಾಗ ಕೋವಿ ಹಿಡಿದವನೇ ಆಟಗಾರ. ತಪ್ಪಿದರೆ ನಗೆಪಾಟಲಾಗುವವನೂ ಅವನೇ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್‌ನಲ್ಲಿ ಕಂಚು ಗೆದ್ದ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಆಗ ಮಧ್ಯ ರೈಲ್ವೆಯಲ್ಲಿ ಟಿಸಿ. ಆ ಸುದ್ದಿ ಬಂದ ದಿನ ಕಲ್ಯಾಣ–ಡೊಂಬಿವಲಿ ನಡುವೆ ಟಿಕೆಟ್ ಇಲ್ಲದೆ ಓಡಾಡುವವರ ಎದೆ ಒಮ್ಮೆ ಧಸಕ್ಕೆಂದಿರಬೇಕು. ಅಲ್ಲೂ ಬಂದೂಕು ಇದ್ದದ್ದು ಆಡುವವನ ಕೈಯಲ್ಲಿ, ನೋಡುವವನ ಸೊಂಟದಲ್ಲಲ್ಲ.

ಈ ವ್ಯತ್ಯಾಸ ಅಣ್ಣನಿಗೆ ಬಿಡಿಸಿ ಹೇಳಲು ಬಡಪಾಯಿಗೆ ಸಾಧ್ಯವಾಗಲಿಲ್ಲ. ನೇರುಳದ ಗೇಟಿನಲ್ಲಿ ಒಬ್ಬ ಹುಡುಗ ಹೇಳಿದ.

2025ರ ನವೆಂಬರ್ 2, ಭಾನುವಾರ. ಡಿ.ವೈ. ಪಾಟೀಲ್ ಸ್ಟೇಡಿಯಮ್ಮಿನಲ್ಲಿ ಮಹಿಳಾ ವಿಶ್ವಕಪ್ಪಿನ ಫೈನಲ್, ಭಾರತಕ್ಕೆ ದಕ್ಷಿಣ ಆಫ್ರಿಕಾ ಎದುರಾಳಿ. 2008ರಲ್ಲಿ ಮೊಟ್ಟಮೊದಲ ಐಪಿಎಲ್ ಫೈನಲ್ ನಡೆದ ಮೈದಾನ ಅದು. ಹೇಗೋ ಎರಡು ಟಿಕೆಟ್ ಗಿಟ್ಟಿಸಿದ್ದ ಬಡಪಾಯಿ, ಕಾರು ಇದ್ದದ್ದು ಅಣ್ಣನ ಹತ್ತಿರವಾದ್ದರಿಂದ, ಒಂದನ್ನು ಅವರಿಗೆ ಕೊಟ್ಟ. ಶಿಳ್‌ಫಾಟಾ, ಮಹಾಪೆ ದಾಟಿ ಜಿಟಿಜಿಟಿ ಮಳೆಯಲ್ಲಿ ಗೇಟು ಮುಟ್ಟಿದರು. ಅಲ್ಲೊಂದು ನೀಲಿ ಟಬ್ಬು. ಅದರಲ್ಲಿ ಜನರಿಂದ ಕಿತ್ತುಕೊಂಡ ಪವರ್ ಬ್ಯಾಂಕು, ಲೈಟರು, ನೀರಿನ ಬಾಟಲಿ, ರಾಶಿ ರಾಶಿ ಚಿಲ್ಲರೆ. ನಮ್ಮ ಸ್ಟೇಡಿಯಮ್ಮುಗಳಲ್ಲಿ ಐದು ರೂಪಾಯಿಯ ನಾಣ್ಯವೂ ಆಯುಧವೇ, ಎಸೆಯಬಹುದಲ್ಲ. ಅದಕ್ಕೆ ಕಾರಣವೂ ಇದೆ: 1996ರ ಮಾರ್ಚ್ 13ರಂದು ಈಡನ್ ಗಾರ್ಡನ್ಸ್‌ನ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಭಾರತ 8 ವಿಕೆಟ್‌ಗೆ 120ಕ್ಕೆ ಕುಸಿದಾಗ ಬಾಟಲಿ ತೂರಿ, ಬೆಂಕಿ ಹಚ್ಚಿ, ಶ್ರೀಲಂಕಾ ಗೆದ್ದಿತೆಂದು ಘೋಷಿಸಬೇಕಾದ ಗತಿ ತಂದವರು ಲೈಸೆನ್ಸ್ ಇಲ್ಲದ ಮಾಮೂಲಿ ಪ್ರೇಕ್ಷಕರು. ಬಾಟಲಿ ಸಿಕ್ಕಿದ್ದಕ್ಕೆ ಬಾಟಲಿ ಎಸೆದರು.

ಹುಡುಗ ಮೊದಲು ಅಣ್ಣನ ಜೇಬಿನ ಚಿಲ್ಲರೆ ಟಬ್ಬಿಗೆ ಸುರಿಸಿದ. ಆಮೇಲೆ ಸೊಂಟ ಮುಟ್ಟಿ, “ಪವರ್ ಬ್ಯಾಂಕ್?” ಎಂದ.

“ರಿವಾಲ್ವರ್” ಎಂದರು ಅಣ್ಣ, ಇಡೀ ಜೀವಮಾನ ಈ ಪ್ರಶ್ನೆಗೇ ಕಾದಿದ್ದ ದನಿಯಲ್ಲಿ.

ಹುಡುಗ ಟಬ್ಬು ನೋಡಿದ, ಅಣ್ಣನನ್ನು ನೋಡಿದ. ಟಬ್ಬಿಗೆ ಹಾಕುವ ಸಾಮಾನಲ್ಲ ಅದು. ಹಿಂದಿನ ಸಾಲು ತಾನಾಗಿ ಎರಡು ಮಾರು ಹಿಂದೆ ಸರಿಯಿತು. ಅಣ್ಣ ಗೋಡೆಯ ಮೇಲಿನ ನಿಷೇಧದ ಪಟ್ಟಿಗೆ ಬೆರಳು ತೋರಿಸಿ, “ಇದರಲ್ಲಿ ಹೆಲ್ಮೆಟ್ ಉಂಟು, ಛತ್ರಿ ಉಂಟು, ಟಿಫಿನ್ ಡಬ್ಬಿ ಉಂಟು. ರಿವಾಲ್ವರ್ ಎಲ್ಲಿ ಉಂಟು, ತೋರಿಸು” ಎಂದು ಕನ್ನಡದಲ್ಲೂ ಹಿಂದಿಯಲ್ಲೂ ವಾದಕ್ಕಿಳಿದರು. ಕೊನೆಗೆ ವಯಸ್ಸಾದ ಪೊಲೀಸ್ ಅಧಿಕಾರಿಯೊಬ್ಬರು ಬಂದು ಲೈಸೆನ್ಸನ್ನು ಪುಟ ತಿರುಗಿಸಿ ನೋಡಿದರು. ಎಲ್ಲ ಸರಿಯಿತ್ತು. ಮಡಚಿ ಕೈಗಿತ್ತು, “ಕಾಕಾ, ಘರೀ ಠೇವೂನ್ ಯಾ” ಎಂದರು. ಮನೆಯಲ್ಲಿಟ್ಟು ಬನ್ನಿ.

ಹುಡುಗ ಮೆಲ್ಲಗೆ ಸೇರಿಸಿದ: “ಅಂಕಲ್, ಆಡುವವರು ಒಳಗಿದ್ದಾರೆ. ನೀವು ನೋಡೋಕೆ ತಾನೆ ಬಂದದ್ದು?”

ಬೈಗುಳ ತಿಂದಿದ್ದರೆ ಅಣ್ಣ ಸುಧಾರಿಸಿಕೊಳ್ಳುತ್ತಿದ್ದರೋ ಏನೋ. ಈ ಮಾತಿಗೆ ಮಹಾಪೆ ದಾಟುವವರೆಗೂ ಬಾಯಿ ಬಿಡಲಿಲ್ಲ. ಕಾರಿನಲ್ಲಿಟ್ಟು ಹೋಗೋಣ ಎಂದರೆ ಕಾಯಿದೆ ಬಲ್ಲವರು ಒಪ್ಪುತ್ತಾರೆಯೇ? ಹೀಗಾಗಿ ವಿಶ್ವಕಪ್ ಫೈನಲ್‌ನ ಟಿಕೆಟ್ ಜೇಬಿನಲ್ಲಿಟ್ಟುಕೊಂಡು ಇಬ್ಬರೂ ಡೊಂಬಿವಲಿಗೆ ವಾಪಸ್. ಅಕ್ಕ ಬಾಗಿಲು ತೆರೆದು ಗಂಡನ ಮುಖ ನೋಡಿದವರೇ, “ಗೋದ್ರೇಜಿನಲ್ಲಿಟ್ಟು ಬೀಗ ಹಾಕಿ. ಚಾ ಕುಡಿದೇ ಹೋಗಿ” ಎಂದರು. ವರುಣದೇವನ ಕೃಪೆ, ಮೂರಕ್ಕೆ ಶುರುವಾಗಬೇಕಾದ ಆಟ ಐದಕ್ಕೆ ಶುರುವಾಯಿತು. ಆದರೂ ಸ್ಮೃತಿ–ಶೆಫಾಲಿ ಜೋಡಿಯ 104 ಓಟಗಳ ಮೊದಲ ಜೊತೆಯಾಟವನ್ನು ಬಡಪಾಯಿ ನೋಡಿದ್ದು ಶಿಳ್‌ಫಾಟಾದ ಜಾಮಿನಲ್ಲಿ, ಸಿಮೆಂಟ್ ಮಿಕ್ಸರ್ ಲಾರಿಯ ಹಿಂದೆ, ಅಂಗೈಯಗಲದ ಫೋನಿನಲ್ಲಿ. ಈ ವಿಷಯದಲ್ಲಿ ಅವನಿಂದ ನಿಷ್ಪಕ್ಷಪಾತ ಬರವಣಿಗೆ ಬಯಸುವುದು ತಪ್ಪು.

ಆದರೆ ಆ ರಾತ್ರಿ ಕೊನೆಗೂ ಸ್ಟೇಡಿಯಮ್ಮಿನ ಒಳಗೆ ಕೂತ ಅಣ್ಣ ಬೇರೆಯೇ ಮನುಷ್ಯ. ಟೂರ್ನಿಗಳಲ್ಲಿ ಅವರು ಚಪ್ಪಾಳೆ ಹೊಡೆಯುವುದು ಎಡಗೈಯಿಂದ ತೊಡೆಗೆ. ಬಲಮೊಣಕೈ ಸದಾ ಸೊಂಟಕ್ಕೆ ಅಂಟಿರುತ್ತದೆ. ನೂಕುನುಗ್ಗಲಲ್ಲಿ ಯಾರಾದರೂ ಎಳೆದುಕೊಂಡರೆ? ಸಿಕ್ಸರ್ ಬಿದ್ದಾಗ ಊರೆಲ್ಲ ಎದ್ದರೂ ಇವರು ಏಳುವುದಿಲ್ಲ, ಮೂತ್ರಕ್ಕೂ ಹೋಗುವುದಿಲ್ಲ. ಬಂದೂಕು ಇವರನ್ನು ಕಾಯುತ್ತದೋ ಇವರು ಬಂದೂಕನ್ನು ಕಾಯುತ್ತಾರೋ ಗೊತ್ತಾಗುವುದಿಲ್ಲ. ಅಂದು ನಲವತ್ತೆರಡನೆಯ ಓವರಿನಲ್ಲಿ, 101 ಹೊಡೆದು ನಿಂತಿದ್ದ ದಕ್ಷಿಣ ಆಫ್ರಿಕಾದ ವೋಲ್ವಾರ್ಟ್ ಎತ್ತಿದ ಚೆಂಡನ್ನು ಅಮನ್‌ಜೋತ್ ಕೈಚೆಲ್ಲಿ, ಮತ್ತೆ ಚೆಲ್ಲಿ, ಕೊನೆಗೂ ಹಿಡಿದಾಗ ಅಣ್ಣ ಎರಡೂ ಕೈ ಎತ್ತಿ ಹಾರಿದರು. ಅಂಗಿ ಹೊಕ್ಕುಳಿನ ಮೇಲಕ್ಕೆ ಹೋಯಿತು. ಸೊಂಟದಲ್ಲಿ ಬೆಲ್ಟಿನ ಗುರುತು ಬಿಟ್ಟರೆ ಏನೂ ಇರಲಿಲ್ಲ. ಯಾರೂ ನೋಡಲಿಲ್ಲ, ಯಾರೂ ನೋಡಲಿಲ್ಲವೆಂಬುದು ಅವರಿಗೂ ಗೊತ್ತಾಗಲಿಲ್ಲ. ಭಾರತ 52 ಓಟಗಳಿಂದ ಗೆದ್ದಾಗ ಗುರುತೇ ಇಲ್ಲದ ಪನವೇಲಿನ ಹುಡುಗನೊಬ್ಬನ ಹೆಗಲ ಮೇಲೆ ತಲೆಯಿಟ್ಟು ಅಳುತ್ತಿದ್ದರು.

ಊರಿನ ಕಂಬಳದಲ್ಲೂ ಅವರು ಹೀಗೆಯೇ ಅಂತೆ, ಅಕ್ಕ ಹೇಳಿದ್ದು. ಲೈಸೆನ್ಸ್ ಮಹಾರಾಷ್ಟ್ರಕ್ಕೆ ಮಾತ್ರ ಇರುವುದರಿಂದ ಸಾಮಾನು ಡೊಂಬಿವಲಿಯಲ್ಲೇ ಉಳಿಯುತ್ತದೆ. ಅಲ್ಲಿ ಓಟದ ಕರೆಯ ಪಕ್ಕದಲ್ಲಿ ಪಂಚೆ ಎತ್ತಿ ಕಟ್ಟಿ, ಕೋಣಗಳ ಹಿಂದೆ ಕೆಸರು ಸಿಡಿಸಿಕೊಂಡು ಬೊಬ್ಬೆ ಹೊಡೆಯುತ್ತಾರೆ. 2023ರ ಮೇ 18ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು, ಎತ್ತಿನ ಗಾಡಿ ಓಟ, ಕಂಬಳ ಮೂರಕ್ಕೂ ಒಟ್ಟಿಗೆ ಒಪ್ಪಿಗೆ ಕೊಟ್ಟ ದಿನ ಇಡೀ ಸೊಸೈಟಿಗೆ ಪೇಡಾ ಹಂಚಿದ್ದರು.

ಹಾಗಾದರೆ ಬಂದೂಕು ಯಾತಕ್ಕೆ? 1990ರ ದಶಕದಲ್ಲಿ ಹೋಟೆಲಿನವರಿಗೆ, ಬಿಲ್ಡರುಗಳಿಗೆ ಭೂಗತರ ಫೋನು ಬರುತ್ತಿದ್ದ ಕಾಲವೊಂದಿತ್ತು. ಗಲ್ಲಾದ ಮೇಲಿನ ಕಪ್ಪು ಫೋನು ಗಣಗಣಿಸಿದರೆ ಅಣ್ಣನ ಕೈ ನಡುಗುತ್ತಿತ್ತಂತೆ. ಆಗ ಓಡಾಡಿ, ಅರ್ಜಿ ಕೊಟ್ಟು ಪಡೆದದ್ದು ಆ ಲೈಸೆನ್ಸು. ಒಂದು ಗುಂಡನ್ನೂ ಹಾರಿಸಿಲ್ಲ. ಈಗ ಹೋಟೆಲು ಕೈಬಿಟ್ಟಿದೆ, ಮಗ ದುಬೈಯಲ್ಲಿದ್ದಾನೆ, ಬರುವ ಫೋನೆಲ್ಲ ಕ್ರೆಡಿಟ್ ಕಾರ್ಡ್ ಬೇಕೇ ಎಂದು ಕೇಳುವವರದ್ದು. ಹೆದರಿಸುವಷ್ಟು ದೊಡ್ಡ ಮನುಷ್ಯ ಅಂತ ಅವರನ್ನು ಯಾರೂ ತಿಳಿಯುವುದಿಲ್ಲ. ಚುನಾವಣೆ ಬಂದಾಗ ಮಾತ್ರ ಪೊಲೀಸ್ ಠಾಣೆಯಿಂದ ಕರೆ ಬರುತ್ತದೆ, ಆಯುಧ ಜಮಾ ಮಾಡಿ ಎಂದು. ಅಣ್ಣ ಇಸ್ತ್ರಿ ಅಂಗಿ ತೊಟ್ಟು ಹೋಗುತ್ತಾರೆ. ಆ ರಸೀದಿಗೆ ಲ್ಯಾಮಿನೇಷನ್ ಮಾಡಿಸಿ ಇಟ್ಟುಕೊಂಡಿದ್ದಾರೆ.

ಮೊನ್ನೆ ಲೈಸೆನ್ಸ್ ನವೀಕರಣದ ಅರ್ಜಿ ಹಿಡಿದು ಪಕ್ಕದ ಫ್ಲ್ಯಾಟಿಗೆ ಬಂದರು. ಹೆಸರು, ವಿಳಾಸ, ವಯಸ್ಸು ಎಲ್ಲ ತುಂಬಿಯಾಯಿತು. ಜೊತೆಗೆ ಲಗತ್ತಿಸುವ ಪತ್ರದಲ್ಲಿ, ಈಗಲೂ ಆಯುಧ ಯಾಕೆ ಬೇಕು ಎಂದು ಎರಡು ಸಾಲು ಬರೆಯಬೇಕಂತೆ.

“ನೀನು ಬರೆಯುವವ ಅಲ್ವಾ, ಏನಾದ್ರೂ ಬರಿ ಮಾರಾಯ.”

“ಯಾರಾದ್ರೂ ಬೆದರಿಸ್ತಿದ್ದಾರಾ ಅಣ್ಣ?”

“ಯಾರು ಬೆದರಿಸ್ತಾರೆ ಮಾರಾಯ?” ಸ್ವಲ್ಪ ಹೊತ್ತು ಯೋಚಿಸಿದರು. “ಮುಂದಿನ ತಿಂಗಳು ನೇರುಳದಲ್ಲಿ ಮ್ಯಾಚುಂಟು. ನಿಂಗೆ ಟಿಕೆಟ್ ಸಿಕ್ತಾ?”